ಮೂವತ್ತು ದಿನಗಳ ನೆನಪು

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಪ್ರಾಣ ಕಳೆದುಕೊಂಡರು. ಸಂಜೆಯಾದರೆ ಹೊಲದ ಕಡೆ ಕಾಲಿಡಲು ಜನ ಹೆದರುತ್ತಿದ್ದ ಆ ತಿಂಗಳುಗಳಲ್ಲಿ ಅರಣ್ಯ ಇಲಾಖೆಯವರು ಬೋನುಗಳ ಜೊತೆಗೆ ಟ್ರ್ಯಾಪ್ ಕ್ಯಾಮೆರಾಗಳನ್ನೂ ಇಟ್ಟರು. ಮರಕ್ಕೋ ಗೂಟಕ್ಕೋ ಕಟ್ಟುವ ಈ ಪುಟ್ಟ ಪೆಟ್ಟಿಗೆ ನೋಡಲು ಸಾಧಾರಣ. ಆದರೆ ಅದನ್ನು ಎಲ್ಲಿ, ಎಷ್ಟೆತ್ತರಕ್ಕೆ, ಯಾವ ದಿಕ್ಕಿಗೆ ಮುಖ ಮಾಡಿ ಕಟ್ಟಬೇಕು ಎಂಬುದರ ಹಿಂದೆ ದಶಕಗಳ ಕೆಲಸವಿದೆ. ಅದರ ಒಂದು ಮುಖ್ಯ ಪಾಲು ನಡೆದದ್ದು ನಾಗರಹೊಳೆಯ ಕಾಡಿನಲ್ಲಿ.

ಒಂದು ಹುಲಿಯ ಮೈಮೇಲಿನ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಇದನ್ನೇ ಹಿಡಿದು, ನಾಗರಹೊಳೆಯ ಹುಲಿಗಳನ್ನು ಕ್ಯಾಮೆರಾದಿಂದ ಒಂದೊಂದಾಗಿ ಗುರುತಿಸಿ ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ. ಪಟ್ಟೆ ನೇರವಾಗಿ ಕಾಣಬೇಕು. ಅದಕ್ಕೇ ಕ್ಯಾಮೆರಾ ಹುಲಿಯ ಮೈಯ ಮಟ್ಟಕ್ಕೆ, ನಮ್ಮ ಮೊಣಕಾಲೆತ್ತರದಲ್ಲಿ. ಬೇಕಾದ ಚಿತ್ರ ಯಾವುದು ಎಂದು ಮೊದಲು ತೀರ್ಮಾನವಾಗುತ್ತದೆ, ಉಪಕರಣದ ಮಾತು ಆಮೇಲೆ.

ಆ ಕಾಡಿನ ಅಂಚಿನಲ್ಲಿ ಹರಿದು ಬರುವ ಕಬಿನಿಯೇ ನಂಜನಗೂಡಿನವರ ಬಾಯಲ್ಲಿ ಕಪಿಲೆ. ಮುಂದೆ ಟಿ. ನರಸೀಪುರದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಹೊಳೆಯಷ್ಟೇ ಅಲ್ಲ, ಕೋಝಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಕೂಡ ಮೈಸೂರಿನ ಮೂಲಕ ಈ ಎರಡೂ ಊರುಗಳನ್ನು ಹೊಲಿದಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳಲ್ಲೂ, ಟಿ. ನರಸೀಪುರದ ಸರ್ಕಾರಿ ರೇಷ್ಮೆ ನೂಲು ಕಾರ್ಖಾನೆಯಂಥ ಕಡೆಯೂ ಭದ್ರತೆಗೆ ಜನರಿರುತ್ತಾರೆ, ಕ್ಯಾಮೆರಾ ಆರಿಸಲು ಎಂಜಿನಿಯರುಗಳಿರುತ್ತಾರೆ. ಈ ಅಧ್ಯಾಯ ಅವರಿಗಲ್ಲ. ರಥಬೀದಿಯ ಬಟ್ಟೆ ಅಂಗಡಿ, ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ಸ್, ಹೆದ್ದಾರಿಯ ಪೆಟ್ರೋಲ್ ಬಂಕ್, ನಾಲೆ ಬಯಲಿನ ರೈಸ್ ಮಿಲ್, ಗೊಬ್ಬರದ ಗೋಡೌನ್ ನಡೆಸುವವರಿಗೆ. ಅವರು ಕ್ಯಾಮೆರಾ ಕೊಳ್ಳುವಾಗ ಕಾಡಿನ ಕ್ರಮ ತಿರುಗುಮುರುಗಾಗುತ್ತದೆ. "ನಾಲ್ಕು ಕ್ಯಾಮೆರಾ ಸೆಟ್ಟಿಗೆ ಎಷ್ಟಾಗುತ್ತೆ?" ಎಂದು ಮಾತು ಶುರುವಾಗಿ, ನಾಲ್ಕೂ ಮೂಲೆಗೆ ಒಂದೊಂದು ಬಿದ್ದು, ಮುಂದೆಂದೋ ಕಳ್ಳತನವಾದ ದಿನ ಎಲ್ಲರೂ ಟಿವಿ ಮುಂದೆ ನಿಂತು ಒಂದು ಟೋಪಿಯ ನೆತ್ತಿಯನ್ನು ನೋಡುತ್ತಾರೆ.

ಆದ್ದರಿಂದ ಅಂಗಡಿಯ ಒಂದೊಂದು ಜಾಗಕ್ಕೂ ಬೇರೆಬೇರೆ ಪ್ರಶ್ನೆ ಕೇಳಿಕೊಳ್ಳಬೇಕು. ಗಲ್ಲಾದ ಮುಂದೆ: ನೋಟು ಕೊಟ್ಟ ಕೈ ಯಾವುದು, ಆ ಮುಖ ಯಾರದು? ಗೋಡೌನ್ ಹಿಂಬದಿ: ರಾತ್ರಿ ಯಾರಾದರೂ ಗೋಡೆ ಹಾರಿದರೇ? ವೇ ಬ್ರಿಡ್ಜ್ ಬಳಿ: ಲಾರಿಯ ನಂಬರ್ ಏನು? ಈ ಮೂರು ಪ್ರಶ್ನೆಗೂ ಒಂದೇ ಕ್ಯಾಮೆರಾ ಉತ್ತರ ಕೊಡಲಾರದು. ಯಾಕೆಂಬುದು ಶುದ್ಧ ಲೆಕ್ಕ.

ಕಣ್ಗಾವಲು ವ್ಯವಸ್ಥೆಗಳ ಅಂತಾರಾಷ್ಟ್ರೀಯ ಮಾನದಂಡವೊಂದು ಈ ಲೆಕ್ಕವನ್ನು ಸರಳ ಮಾಡಿಟ್ಟಿದೆ. ದೃಶ್ಯದ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂಬುದೇ ಅಳತೆ. ಅಲ್ಲಿ ಮನುಷ್ಯನಿದ್ದಾನೆ ಎಂದು ತಿಳಿಯಲು ಮೀಟರಿಗೆ 25 ಸಾಕು. ಪರಿಚಿತನಾದರೆ ಇಂಥವನೇ ಎನ್ನಲು 125 ಬೇಕು. ಹಿಂದೆಂದೂ ನೋಡದವನ ಮುಖವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಗುರುತಿಸಲು 250. ಟಿ. ನರಸೀಪುರದ ಸಂಗಮದಲ್ಲಿ 2025ರ ಫೆಬ್ರವರಿಯಲ್ಲಿ ನಡೆದಂಥ ಕುಂಭಮೇಳದಲ್ಲಿ ಜನ ಯಾವ ದಡಕ್ಕೆ ಸರಿಯುತ್ತಿದ್ದಾರೆಂದು ನೋಡಲು ಮೊದಲನೆಯ ಅಳತೆ ಸಾಕು. ಅಲ್ಲಿಗೆ ಹೋಗುವ ದಾರಿಯ ಚಿನ್ನದಂಗಡಿಗೆ ಕೊನೆಯದೇ ಬೇಕು.

ಈಗ ಕ್ಯಾಮೆರಾ ಡಬ್ಬದ ಮೇಲಿನ ಅಂಕಿ ನೋಡಿ. 2 ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ 1920 ಪಿಕ್ಸೆಲ್. ಮೀಟರಿಗೆ 250ರಂತೆ ಹಂಚಿದರೆ 7.7 ಮೀಟರ್ ಅಗಲಕ್ಕೆ ಮುಗಿಯಿತು. ಅಂಗಡಿಗಳಲ್ಲಿ ಹೆಚ್ಚಾಗಿ ಬೀಳುವುದು 2.8 ಮಿಲಿಮೀಟರ್ ಲೆನ್ಸ್. ಅದು ಬಹಳ ಅಗಲ ನೋಡುತ್ತದೆ. ಸುಮಾರು 4 ಮೀಟರ್ ದೂರದಲ್ಲೇ ಆ 7.7 ಮೀಟರ್ ಅಗಲ ತುಂಬಿಬಿಡುತ್ತದೆ. ಅಂದರೆ ಅಪರಿಚಿತನ ಮುಖ ಸಿಗುವುದು ನಾಲ್ಕು ಮೀಟರ್ ಒಳಗೆ ಬಂದರೆ ಮಾತ್ರ. 6 ಮಿಲಿಮೀಟರ್ ಲೆನ್ಸ್ ಹಾಕಿದರೆ ಈ ಮಿತಿ ಎಂಟು ಮೀಟರಿನ ಆಚೀಚೆ, 12 ಮಿಲಿಮೀಟರ್ ಆದರೆ ಹದಿನೇಳರ ಹತ್ತಿರ. ಆದರೆ ಕಾಣುವ ಅಗಲ ಅಷ್ಟಷ್ಟೇ ಕಿರಿದಾಗುತ್ತದೆ. ಚುಕ್ಕಿಯ ಸಂಖ್ಯೆ ಹೆಚ್ಚಿಸದೆ ರಂಗೋಲಿಯನ್ನು ಅಂಗಳದ ತುಂಬ ಎಳೆದರೆ ಎಳೆಗಳು ವಿರಳವಾಗುವ ಹಾಗೆಯೇ ಇದು. "ಎಲ್ಲವೂ ಕಾಣಬೇಕು" ಎಂಬ ಆಸೆಯಿಂದ ಅಗಲದ ಲೆನ್ಸ್ ಆರಿಸಿದವರಿಗೆ ಎಲ್ಲವೂ ಕಾಣುತ್ತದೆ, ಯಾರೂ ಗುರುತು ಸಿಗುವುದಿಲ್ಲ.

ಹಾಗಾದರೆ 8 ಮೆಗಾಪಿಕ್ಸೆಲ್ ಕೊಂಡರಾಯಿತಲ್ಲ? ಹಗಲಿಗೆ ಸರಿ. ಅಡ್ಡಕ್ಕೆ 3840 ಪಿಕ್ಸೆಲ್ ಸಿಕ್ಕಿ ದೂರ ಇಮ್ಮಡಿಯಾಗುತ್ತದೆ. ಆದರೆ ಅದೇ ಅಳತೆಯ ಸೆನ್ಸರಿನ ಮೇಲೆ ನಾಲ್ಕು ಪಟ್ಟು ಪಿಕ್ಸೆಲ್ ತುಂಬಿದಾಗ ಒಂದೊಂದರ ಪಾಲಿಗೆ ಬರುವ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ರಾತ್ರಿ ಚಿತ್ರದಲ್ಲಿ ಮರಳು ಎರಚಿದಂಥ ಕಾಳುಕಾಳು ಹೆಚ್ಚುತ್ತದೆ. ನನ್ನ ಮಾತು ಕೇಳುವುದಾದರೆ, ರಾತ್ರಿ ಕಾಯಬೇಕಾದ ಜಾಗಕ್ಕೆ ದೊಡ್ಡ ಸೆನ್ಸರಿನ 4 ಮೆಗಾಪಿಕ್ಸೆಲ್ ಕ್ಯಾಮೆರಾ ಸಣ್ಣ ಸೆನ್ಸರಿನ 8ಕ್ಕಿಂತ ಮೇಲು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಮೆಗಾಪಿಕ್ಸೆಲ್; ಸೆನ್ಸರಿನ ಅಳತೆ ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅದನ್ನು ಕೇಳಿ ಓದಿಸಿಕೊಳ್ಳಬೇಕು.

ಎತ್ತರದ ವಿಚಾರ ಇನ್ನೂ ಸರಳ, ಆದರೆ ಹೆಚ್ಚು ಕೆಡುವುದೂ ಇದೇ. ಕ್ಯಾಮೆರಾ 3 ಮೀಟರ್ ಎತ್ತರದಲ್ಲಿದೆ, ಬಂದವನ ಮುಖ 1.6 ಮೀಟರಿನಲ್ಲಿದೆ ಎನ್ನಿ. ಆತ 2 ಮೀಟರ್ ದೂರದಲ್ಲಿದ್ದರೆ ಕ್ಯಾಮೆರಾ ಅವನನ್ನು 35 ಡಿಗ್ರಿ ಮೇಲಿನಿಂದ ನೋಡುತ್ತದೆ. ಹಣೆ, ಕೂದಲು, ಟೋಪಿ. ಅದೇ ಕ್ಯಾಮೆರಾ 5 ಮೀಟರ್ ದೂರದಿಂದ ಬಾಗಿಲನ್ನು ನೋಡುತ್ತಿದ್ದರೆ ಕೋನ 16 ಡಿಗ್ರಿಗಿಳಿದು ಮುಖ ಸಿಗುತ್ತದೆ. ಬಾಗಿಲ ಮೇಲೆ ಕ್ಯಾಮೆರಾ ಹಾಕುವುದಕ್ಕಿಂತ ಬಾಗಿಲಿಗೆ ಎದುರಾಗಿ, ಅಂಗಡಿಯ ಒಳಗೋಡೆಯಲ್ಲಿ, ಸರಿಯಾದ ಲೆನ್ಸಿನ ಒಂದು ಕ್ಯಾಮೆರಾ ಹಾಕುವುದೇ ಲೇಸು.

ಆಗ ಬೇರೊಂದು ತೊಡಕು ಎದುರಾಗುತ್ತದೆ. ಒಳಗಿನಿಂದ ಬಾಗಿಲನ್ನು ನೋಡುವ ಕ್ಯಾಮೆರಾಗೆ ಹಿಂದೆ ಬೀದಿಯ ಬಿಸಿಲು. ಬಿಸಿಲಿನ ಬೆಳಕು ಲಕ್ಷ ಲಕ್ಸ್ ಮುಟ್ಟಿದರೆ ಅಂಗಡಿಯ ಒಳಗೆ ಮುನ್ನೂರು ನಾನೂರು. ಬೀದಿಗೆ ಹೊಂದಿಸಿಕೊಂಡರೆ ಬಂದವರು ಕಪ್ಪು ನೆರಳಾಗುತ್ತಾರೆ. ಇದಕ್ಕೆ ಪರಿಹಾರ ಡಬ್ಲ್ಯೂಡಿಆರ್: ಕ್ಯಾಮೆರಾ ಕಣ್ಣುಮಿಟುಕಿಸುವಷ್ಟರಲ್ಲಿ ಒಂದು ಚಿತ್ರವನ್ನು ಕ್ಷಣಮಾತ್ರ, ಇನ್ನೊಂದನ್ನು ತುಸು ಹೆಚ್ಚು ಹೊತ್ತು ತೆರೆದು ತೆಗೆದು, ಬಿಸಿಲಿನ ಭಾಗವನ್ನು ಮೊದಲನೆಯದರಿಂದ, ನೆರಳಿನ ಭಾಗವನ್ನು ಎರಡನೆಯದರಿಂದ ಆರಿಸಿ ಬೆಸೆಯುತ್ತದೆ. 120 ಡೆಸಿಬೆಲ್ ಎಂದು ಬರೆದಿದ್ದರೆ ಹತ್ತು ಲಕ್ಷಕ್ಕೆ ಒಂದರ ಅಂತರವನ್ನು ಅದು ಹಿಡಿಯಬಲ್ಲದು. "ಡಿಜಿಟಲ್ ಡಬ್ಲ್ಯೂಡಿಆರ್" ಎಂದಷ್ಟೇ ಬರೆದಿದ್ದರೆ ಒಂದೇ ಚಿತ್ರವನ್ನು ಆಮೇಲೆ ತಿದ್ದಿದ್ದು ಎಂದರ್ಥ. ಬಿಸಿಲಿಗೆದುರಾದ ಬಾಗಿಲಿಗೆ ಅದು ಸಾಲದು.

ಇನ್ನು ಕತ್ತಲು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಬೆಳಕನ್ನು ವಿದ್ಯುತ್ ಆವೇಶವಾಗಿ ಹಿಡಿದಿಡುವ ಸಿಸಿಡಿ ಚಿಪ್ಪನ್ನು ಕಲ್ಪಿಸಿದರು. 2009ರ ಭೌತವಿಜ್ಞಾನ ನೊಬೆಲ್‌ನ ಪಾಲು ಅವರಿಗೆ ಬಂತು. ಇಂದಿನ ಕ್ಯಾಮೆರಾಗಳಲ್ಲಿರುವುದು ಅದರ ಮುಂದಿನ ಪೀಳಿಗೆಯ ಸಿಮಾಸ್ ಸೆನ್ಸರ್. ಎರಡರ ಮೈಯೂ ಸಿಲಿಕಾನ್. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಮಾತ್ರ ಕಾಣುತ್ತದೆ, ಸಿಲಿಕಾನ್ 1100ರವರೆಗೂ ಕಾಣುತ್ತದೆ. ಕ್ಯಾಮೆರಾದ ಸುತ್ತ ಇರುವ ಐಆರ್ (ಅವಕೆಂಪು) ಎಲ್‌ಇಡಿಗಳು ಸೂಸುವುದು 850 ನ್ಯಾನೋಮೀಟರ್ ಬೆಳಕನ್ನು. ನಮಗೆ ಮಂಕು ಕೆಂಪು ಚುಕ್ಕಿ, ಸಿಲಿಕಾನ್‌ಗೆ ದೀಪ. ಪ್ರಾಣಿಗೆ ಸುಳಿವು ಸಿಗಬಾರದೆಂದು ಹಲವು ಟ್ರ್ಯಾಪ್ ಕ್ಯಾಮೆರಾಗಳಲ್ಲಿ 940 ಬಳಸುತ್ತಾರೆ. ಆ ಕೆಂಪು ಚುಕ್ಕಿಯೂ ಕಾಣದು, ಆದರೆ ಸಿಲಿಕಾನ್‌ನ ಕಣ್ಣು ಅಲ್ಲಿ ಮಂದ, ದೂರ ಕಡಿಮೆ.

ಹಗಲಲ್ಲಿ ಈ ಅವಕೆಂಪು ಬೆಳಕು ಬಣ್ಣಗಳನ್ನು ಕೆಡಿಸುವುದರಿಂದ ಸೆನ್ಸರಿನ ಮುಂದೆ ಒಂದು ಶೋಧಕ ಗಾಜಿರುತ್ತದೆ. ಮುಸ್ಸಂಜೆಗೆ ಅದು ಪಕ್ಕಕ್ಕೆ ಸರಿಯುತ್ತದೆ. ಬೆಳಗ್ಗೆ ಸಂಜೆ ಕ್ಯಾಮೆರಾದೊಳಗೆ ಕೇಳುವ "ಟಿಕ್" ಸದ್ದು ಅದರದೇ. ಸದ್ದು ನಿಂತು ಹಗಲಿನ ಚಿತ್ರವೆಲ್ಲ ನಸುಗುಲಾಬಿಯಾಗಿದ್ದರೆ ಶೋಧಕ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು. ಐಆರ್ ಚಿತ್ರದ ಇನ್ನೊಂದು ಮೋಸವನ್ನು ಪೊಲೀಸರಿಗೆ ದೂರು ಕೊಡುವವರು ನೆನಪಿಡಬೇಕು: ಅಲ್ಲಿ ಬಟ್ಟೆಯ ಬಣ್ಣ ನಂಬುವಂತಿಲ್ಲ. ಕಪ್ಪು ಟೆರಿಕಾಟ್ ಪ್ಯಾಂಟು ಐಆರ್‌ನಲ್ಲಿ ಬೆಳ್ಳಗೆ ಕಾಣಬಹುದು, ಯಾಕೆಂದರೆ ನಮ್ಮ ಕಣ್ಣಿಗೆ ಕಪ್ಪಾಗಿಸುವ ಎಷ್ಟೋ ಬಣ್ಣಗಳು ಅವಕೆಂಪು ಬೆಳಕನ್ನು ಹೀರುವುದಿಲ್ಲ. ಬಿಳಿ ಪ್ಯಾಂಟಿನವನನ್ನು ಹುಡುಕಿ ಎಂದು ಬರೆಸಿದರೆ ತನಿಖೆಯೇ ದಾರಿ ತಪ್ಪುತ್ತದೆ.

ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 10 ಮೀಟರಿನಲ್ಲಿ ಬೀಳುವ ಬೆಳಕಿನ ಕಾಲು ಭಾಗ 20ರಲ್ಲಿ, ಒಂಬತ್ತನೇ ಒಂದು ಭಾಗ 30ರಲ್ಲಿ. "ಐಆರ್ 30 ಮೀಟರ್" ಎಂದರೆ ಮೂವತ್ತರಲ್ಲಿ ಏನೋ ಅಲುಗಿದ್ದು ತಿಳಿಯುತ್ತದೆ ಎಂದಷ್ಟೇ. ಗೋಡೌನ್ ಹಿಂಬದಿಗೆ ಒಂದು ಸಾಧಾರಣ ಎಲ್‌ಇಡಿ ಬಲ್ಬನ್ನು ರಾತ್ರಿಯಿಡೀ ಉರಿಸಿದರೆ ದುಬಾರಿ ಕ್ಯಾಮೆರಾ ಮಾಡದ ಕೆಲಸವಾಗುತ್ತದೆ. ಬಣ್ಣವೂ ಉಳಿಯುತ್ತದೆ.

ಲಾರಿ ನಂಬರಿನ ಲೆಕ್ಕ ಪೂರಾ ಬೇರೆ. ರಾತ್ರಿ ಸಾಧಾರಣ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಸೆಕೆಂಡಿನ 25ನೇ ಒಂದು ಭಾಗ ಕಣ್ಣು ತೆರೆದಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕ್ ಅಷ್ಟರಲ್ಲಿ 44 ಸೆಂಟಿಮೀಟರ್ ಸರಿದಿರುತ್ತದೆ. ಅಕ್ಷರವೆಲ್ಲ ಕಲಸಿದ ಗೆರೆ. 500ನೇ ಒಂದು ಭಾಗಕ್ಕಿಳಿಸಿದರೆ ಸರಿಯುವುದು ಎರಡೇ ಸೆಂಟಿಮೀಟರ್, ಆದರೆ ಉಳಿದ ದೃಶ್ಯ ಕಗ್ಗತ್ತಲು. ಈಗಿನ ಎಚ್‌ಎಸ್‌ಆರ್‌ಪಿ ನಂಬರ್ ಫಲಕದ ಹಾಳೆ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದರಿಂದ, ಕ್ಯಾಮೆರಾ ಪಕ್ಕದ ಐಆರ್ ಬೆಳಕಿಗೆ ಅದೊಂದೇ ಆ ಕತ್ತಲಲ್ಲಿ ಹೊಳೆಯುತ್ತದೆ. ಹೀಗೆ ಹೊಂದಿಸಿದ ಕ್ಯಾಮೆರಾ ನಂಬರನ್ನಷ್ಟೇ ಓದುತ್ತದೆ. ಡ್ರೈವರ್ ಯಾರು, ಮೂಟೆ ಎಷ್ಟು ಇಳಿಯಿತು ಎಂಬುದಕ್ಕೆ ಅದರ ಜೊತೆ ಇನ್ನೊಂದು ಬೇಕೇ ಬೇಕು. ವೇ ಬ್ರಿಡ್ಜ್‌ಗೆ ಒಂದೇ ಸಾಕೆಂದು ಹೇಳುವವರ ಮಾತನ್ನು ಒಪ್ಪಬೇಡಿ.

ಕಳ್ಳನ ಮುಖ ಸಿಕ್ಕರೂ ಕಳ್ಳ ಸಿಕ್ಕಂತಲ್ಲ. 2013ರ ನವೆಂಬರ್ 19ರಂದು ಬೆಂಗಳೂರಿನ ಎಟಿಎಂ ಒಂದರಲ್ಲಿ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ದೃಶ್ಯ ಸ್ಪಷ್ಟವಾಗಿತ್ತು, ನಾಡೆಲ್ಲ ನೋಡಿತು. ಆರೋಪಿ ಸಿಕ್ಕಿಬಿದ್ದದ್ದು 2017ರ ಫೆಬ್ರವರಿಯಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಮೂರು ವರ್ಷ ಕಳೆದರೂ ಹೋಲಿಸಿ ನೋಡಲು ಒಂದು ಒಳ್ಳೆಯ ಚಿತ್ರ ಇತ್ತು. ಕ್ಯಾಮೆರಾ ಕಂಡದ್ದನ್ನು ಡಿಸ್ಕಿಗೆ ಬರೆದಿಡುವ ನಿಮ್ಮ ಡಿವಿಆರ್‌ನಲ್ಲಿ ಅಂಥದ್ದು ಉಳಿದಿರುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಉಳಿಯುವುದರ ಲೆಕ್ಕ ಹೀಗೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ, 2017ರ ಪ್ರಕಾರ ಒಮ್ಮೆಲೇ 100 ಅಥವಾ ದಿನಕ್ಕೆ 500 ಜನ ಸೇರಬಹುದಾದ ಸಂಸ್ಥೆಗಳು ಕ್ಯಾಮೆರಾ ಹಾಕಿಸಿ, ದೃಶ್ಯವನ್ನು 30 ದಿನ ಉಳಿಸಿಡಬೇಕು. ಛತ್ರ, ಆಸ್ಪತ್ರೆ, ಚಿತ್ರಮಂದಿರಗಳಿಗೆ ಇದು ಕಾನೂನು. ಸಣ್ಣ ಅಂಗಡಿಗೂ ಒಳ್ಳೆಯ ಅಳತೆ, ಏಕೆಂದರೆ ಎಷ್ಟೋ ನಷ್ಟಗಳು ತಿಂಗಳ ಕೊನೆಗೆ ಸ್ಟಾಕ್ ಎಣಿಸುವಾಗಲೇ ಗೊತ್ತಾಗುವುದು. 2 ಮೆಗಾಪಿಕ್ಸೆಲ್ ಕ್ಯಾಮೆರಾ ವಿಡಿಯೊ ಕುಗ್ಗಿಸುವ ಹಳೆಯ ಎಚ್.264 ವಿಧಾನದಲ್ಲಿ ಸೆಕೆಂಡಿಗೆ 4 ಮೆಗಾಬಿಟ್ ಬರೆಯುತ್ತದೆ ಎನ್ನಿ. ದಿನಕ್ಕೆ 43 ಜಿಬಿ. ಎಂಟು ಕ್ಯಾಮೆರಾ, 30 ದಿನ: 10 ಟಿಬಿಗೂ ಮೇಲೆ. ಎಚ್.265 ಬಳಸಿ ಅರ್ಧಕ್ಕಿಳಿಸಿದರೂ 5 ಟಿಬಿ. ಎಂಟು ಕ್ಯಾಮೆರಾದ ಸೆಟ್ಟಿನ ಜೊತೆ ಒಂದೇ ಟಿಬಿ ಡಿಸ್ಕ್ ಕೊಟ್ಟರೆ ಎಚ್.265ರಲ್ಲೂ ಆರನೆಯ ದಿನಕ್ಕೆ ಮೊದಲನೆಯ ದಿನ ಅಳಿಸಿಹೋಗುತ್ತದೆ. ಹಳೆಯದರ ಮೇಲೆ ಹೊಸದನ್ನು ಬರೆಯುವುದೇ ಡಿವಿಆರ್‌ನ ಸ್ವಭಾವ, ಅದು ಯಾರನ್ನೂ ಕೇಳುವುದಿಲ್ಲ.

ಜಾಗ ಉಳಿಸಲು ಅಲುಗಾಟ ಕಂಡಾಗ ಮಾತ್ರ ಬರೆಯುವಂತೆ ಇಡುತ್ತಾರೆ. ಇಲ್ಲಿ ಕಾಡಿನ ಕ್ಯಾಮೆರಾ ಮತ್ತು ಅಂಗಡಿಯ ಕ್ಯಾಮೆರಾ ಬೇರೆಯಾಗುತ್ತವೆ. ಟ್ರ್ಯಾಪ್ ಕ್ಯಾಮೆರಾ ಬಿಸಿ ಮೈ ಸೂಸುವ, ಸುಮಾರು 9-10 ಮೈಕ್ರೋಮೀಟರಿನ ಶಾಖಕಿರಣ ಅದರ ಮುಂದೆ ಸರಿದಾಗ ಎಚ್ಚರಾಗುತ್ತದೆ. ಅಂಗಡಿಯ ಡಿವಿಆರ್‌ಗೆ ಶಾಖ ತಿಳಿಯದು. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಪಿಕ್ಸೆಲ್ ಎಷ್ಟು ಬದಲಾಯಿತೆಂದು ಲೆಕ್ಕ ಹಾಕುತ್ತದೆ. ಮಳೆ, ತೆಂಗಿನ ಗರಿ, ಹೆದ್ದಾರಿಯ ಹೆಡ್‌ಲೈಟ್ ಎಲ್ಲವೂ ಅದಕ್ಕೆ ಕಳ್ಳನೇ. ಎಲ್ಲಕ್ಕಿಂತ ಹೆಚ್ಚು ಕಾಟ ಜೇಡನದು. ಲೆನ್ಸಿಗೆ ಬೆರಳಷ್ಟು ದೂರದಲ್ಲಿ ನೇಯ್ದ ಒಂದು ಎಳೆ ಐಆರ್ ಬೆಳಕಿಗೆ ಹಗ್ಗದಂತೆ ಹೊಳೆದು, ಗಾಳಿಗೆ ಅಲುಗಿ, ರಾತ್ರಿಯಿಡೀ ಡಿಸ್ಕ್ ತುಂಬಿಸುತ್ತದೆ. ಗಲ್ಲಾ ಮತ್ತು ಬಾಗಿಲಿನ ಕ್ಯಾಮೆರಾಗಳನ್ನಾದರೂ ನಿಲ್ಲಿಸದೆ ಬರೆಸುವುದು ಕ್ಷೇಮ.

ಡಿಸ್ಕ್ ಕೂಡ ಅದಕ್ಕೆಂದೇ ಮಾಡಿದ್ದಾಗಿರಬೇಕು. ಕಂಪ್ಯೂಟರಿನ ಡಿಸ್ಕ್ ದಿನಕ್ಕೆ ಕೆಲವು ಗಂಟೆ ಓದಿ ಬರೆಯುವುದಕ್ಕೆ. ಕಣ್ಗಾವಲಿನದು 24 ಗಂಟೆಯೂ ಬರೆಯುವುದಕ್ಕೆ. ತಟ್ಟೆಗೂ ಬರೆಯುವ ತುದಿಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಗಾಳಿಯಾಡದ ಬೀರುವಿನೊಳಗೆ ಮುಚ್ಚಿಟ್ಟರೆ ಬಿಸಿಗೆ ಅದರ ಆಯಸ್ಸು ಕುಗ್ಗುತ್ತದೆ. ಸಿಕ್ಕುವಂತೆ ಇಟ್ಟರೆ ಕಳ್ಳ ಡಿವಿಆರನ್ನೇ ಹೊತ್ತೊಯ್ಯುತ್ತಾನೆ. ಬೀಗವಿದ್ದೂ ಗಾಳಿಯಾಡುವ ಕಬ್ಬಿಣದ ಗೂಡು ಮಾಡಿಸಿ, ಬಾಗಿಲಿನ ಕ್ಯಾಮೆರಾದೊಳಗೆ ಮೆಮೊರಿ ಕಾರ್ಡನ್ನೂ ಹಾಕಿಸಿದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ.

ನಂಜನಗೂಡಿನವರು ಇನ್ನೊಂದು ಮಾತು ಮರೆಯಬಾರದು. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ನೀರು ಬಿಟ್ಟ ವರ್ಷ ಹದಿನಾರು ಕಾಲು ಮಂಟಪ ಮುಳುಗುತ್ತದೆ, ದಡದ ಬೀದಿಗಳಿಗೆ ನೀರು ನುಗ್ಗುತ್ತದೆ. 2018, 2019, 2024ರಲ್ಲಿ ಇದನ್ನು ಕಂಡವರಿದ್ದಾರೆ. ಕ್ಯಾಮೆರಾದ ಮೇಲೆ ಐಪಿ67 ಎಂದಿದ್ದರೆ ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಆದರೆ ಅದರ ಬಾಲಕ್ಕೆ ಸಿಕ್ಕಿಸಿದ ಬಿಎನ್‌ಸಿ ಜೋಡಣೆಗೆ ಆ ಭರವಸೆ ಇಲ್ಲ, ನೆಲದ ಮೇಲಿನ ಡಿವಿಆರ್, ಯುಪಿಎಸ್‌ಗಳಿಗಂತೂ ಇಲ್ಲವೇ ಇಲ್ಲ. ಹೊಳೆಬದಿಯ ಅಂಗಡಿಯಲ್ಲಿ ಅವು ಹಿಂದಿನ ನೆರೆಯ ಗುರುತಿಗಿಂತ ಮೇಲಿರಲಿ. ಗೋಡೆಯೊಳಗೆ ಹೋಗುವ ಮುನ್ನ ವೈರು ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು, ಆಗ ಮಳೆನೀರು ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಟಿ. ನರಸೀಪುರದ ರೈಸ್ ಮಿಲ್ಲುಗಳ ಕಷ್ಟ ಧೂಳು. ಐಪಿ ಅಂಕಿ ಧೂಳು ಒಳಗೆ ಹೋಗದಂತೆ ನೋಡಿಕೊಳ್ಳುತ್ತದೆ, ಗಾಜಿನ ಮೇಲೆ ಕೂರುವುದನ್ನು ತಡೆಯದು. ತವುಡಿನ ಪುಡಿ ಕೂತ ಗುಮ್ಮಟದ ಗಾಜು ಹಗಲಲ್ಲಿ ಸರಿಯಾಗೇ ಕಾಣಿಸುತ್ತದೆ. ರಾತ್ರಿ ಎಲ್‌ಇಡಿಯ ಬೆಳಕು ಆ ಪುಡಿಗೇ ಬಡಿದು ಲೆನ್ಸಿಗೆ ಮರಳಿ, ಚಿತ್ರವೆಲ್ಲ ಬಿಳಿ ಮಂಜು. ಮಿಲ್ಲಿನೊಳಗೆ ಗುಮ್ಮಟದ ಡೋಮ್ ಕ್ಯಾಮೆರಾ ಬೇಡ, ಗಾಜು ಚಪ್ಪಟೆಯಾಗಿದ್ದು ಎಲ್‌ಇಡಿ ಬೇರೆ ಕೋಣೆಯಲ್ಲಿರುವ ಬುಲೆಟ್ ಕ್ಯಾಮೆರಾ ಇರಲಿ. ಒರೆಸುವಾಗ ಒಣಬಟ್ಟೆಯಲ್ಲಿ ಉಜ್ಜಬಾರದು. ಹೊಟ್ಟಿನಲ್ಲಿ ಸಿಲಿಕಾ ಇರುವುದರಿಂದ ಪ್ಲಾಸ್ಟಿಕ್ ಗಾಜಿಗೆ ಗೀರು ಬೀಳುತ್ತದೆ. ಮೊದಲು ನೀರು, ಆಮೇಲೆ ಮೆದು ಬಟ್ಟೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಲೇಬಾರದು.

"ಹಗಲೆಲ್ಲ ಚೆನ್ನಾಗಿರುತ್ತೆ, ಸಂಜೆ ಆದ್ರೆ ಕ್ಯಾಮೆರಾ ಹೋಗುತ್ತೆ." ಈ ದೂರು ಬಂದಾಗ ಅನೇಕರು ಕ್ಯಾಮೆರಾ ಬದಲಾಯಿಸುತ್ತಾರೆ. ತಪ್ಪು ಬಹುತೇಕ ವೈರಿನದು. 60 ಮೀಟರ್ ದೂರಕ್ಕೆ 0.2 ಚದರ ಮಿಲಿಮೀಟರಿನ ತೆಳು ತಾಮ್ರದ ತಂತಿ ಎಳೆದರೆ ಹೋಗಿ ಬರುವ ದಾರಿಯ ತಡೆ ಸುಮಾರು 10 ಓಮ್. ಹಗಲಲ್ಲಿ ಕ್ಯಾಮೆರಾ 0.2 ಆಂಪಿಯರ್ ಎಳೆದರೆ ದಾರಿಯಲ್ಲಿ 2 ವೋಲ್ಟ್ ನಷ್ಟ, 12ರಲ್ಲಿ 10 ಉಳಿದು ನಡೆಯುತ್ತದೆ. ಕತ್ತಲಾಗಿ ಐಆರ್ ಹೊತ್ತಿಕೊಂಡರೆ 0.5 ಆಂಪಿಯರ್, 5 ವೋಲ್ಟ್ ನಷ್ಟ. ಉಳಿದ ಏಳರಲ್ಲಿ ಕ್ಯಾಮೆರಾ ಸತ್ತು ಹುಟ್ಟಿ ಸತ್ತು ಹುಟ್ಟುತ್ತಿರುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಾದರೆ ಇನ್ನೂ ಕೆಟ್ಟದು. ದೂರದ ಕ್ಯಾಮೆರಾಗೆ ಅಲ್ಲೇ ಹತ್ತಿರ ಅಡಾಪ್ಟರ್ ಕೊಡಿಸಬೇಕು, ಇಲ್ಲವೇ ನೆಟ್‌ವರ್ಕಿನ (ಐಪಿ) ಕ್ಯಾಮೆರಾ ಹಾಕಿ ನೆಟ್‌ವರ್ಕ್ ವೈರಿನಲ್ಲೇ 48 ವೋಲ್ಟಿನ ಆಸುಪಾಸಿನ ವಿದ್ಯುತ್ ಕಳಿಸಬೇಕು. ವೋಲ್ಟೇಜ್ ಹೆಚ್ಚಿದಷ್ಟು ಕರೆಂಟು ಕಡಿಮೆ, ನಷ್ಟವೂ ಕಡಿಮೆ. ನೆಟ್‌ವರ್ಕ್ ವೈರಿನ ಮಿತಿ 100 ಮೀಟರ್.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಸಿಡಿಲು ಸುಮಾರು 30,000 ಆಂಪಿಯರ್ ಹರಿಸುತ್ತದೆ. ಅದು ಅಂಗಡಿಗೆ ಹೊಡೆಯಬೇಕಿಲ್ಲ, ಹತ್ತಿರ ಬಿದ್ದರೂ ಎರಡು ಕಟ್ಟಡಗಳ ನಡುವೆ ನೇತುಬಿದ್ದ ತಾಮ್ರದಲ್ಲಿ ವೋಲ್ಟೇಜ್ ಹುಟ್ಟಿ ಡಿವಿಆರ್‌ನ ಕೊನೆಯ ಪೋರ್ಟನ್ನು ಸುಡುತ್ತದೆ. ಮಿಲ್ಲಿಗೂ ಗೋಡೌನಿಗೂ ನಡುವೆ ಆಪ್ಟಿಕಲ್ ಫೈಬರ್ ಎಳೆದರೆ ಈ ಭಯವೇ ಇಲ್ಲ, ಗಾಜಿನಲ್ಲಿ ವಿದ್ಯುತ್ ಹರಿಯದು. ಕರೆಂಟು ಹೋದಾಗಿನ ಲೆಕ್ಕವೂ ಇರಲಿ: ಎಂಟು ಕ್ಯಾಮೆರಾ, ಒಂದು ಡಿವಿಆರ್ ಸೇರಿ 70 ವಾಟ್. 150 ಆಂಪಿಯರ್-ಗಂಟೆಯ ಬ್ಯಾಟರಿ ಹೊಸದರಲ್ಲಿ ಹತ್ತು ಗಂಟೆಗೂ ಹೆಚ್ಚು ನಡೆಸುತ್ತದೆ. ಅದೇ ಲೈನಿಗೆ ಫ್ಯಾನು, ಫ್ರಿಜ್ಜು ಸೇರಿಸದಿದ್ದರೆ.

ನಿರ್ವಹಣೆಯಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಒಂದೇ ಅಭ್ಯಾಸ: ಲೈವ್ ನೋಡಿ ಸಮಾಧಾನಪಡಬಾರದು. ಟಿವಿಯಲ್ಲಿ ಎಂಟು ಚೌಕ ಓಡುತ್ತಿದ್ದರೂ ಡಿಸ್ಕ್ ಸತ್ತು ತಿಂಗಳಾಗಿರಬಹುದು. ತಿಂಗಳಿಗೊಮ್ಮೆ ಪ್ಲೇಬ್ಯಾಕ್‌ಗೆ ಹೋಗಿ 29 ದಿನ ಹಿಂದಿನ ರಾತ್ರಿ ಎರಡು ಗಂಟೆಯನ್ನು ಎಲ್ಲ ಕ್ಯಾಮೆರಾದಲ್ಲೂ ತೆರೆದು ನೋಡಬೇಕು. ಜೇಡ, ಧೂಳು, ಐಆರ್, ವೋಲ್ಟೇಜ್, ಡಿಸ್ಕ್, ಗಡಿಯಾರ ಎಲ್ಲದರ ಸುದ್ದಿಯೂ ಆ ಒಂದು ನೋಟದಲ್ಲಿ ಸಿಗುತ್ತದೆ. ವಾರ್ಷಿಕ ನಿರ್ವಹಣೆಯ ಎಎಂಸಿ ಮಾಡಿಕೊಳ್ಳುವವರು ಇದನ್ನೇ ಒಪ್ಪಂದದ ಮೊದಲ ಸಾಲಾಗಿ ಬರೆಸಲಿ.

ಪಾಸ್‌ವರ್ಡಿನ ವಿಷಯ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ದಾಳಿ ಮಾಡಿದ್ದು ಮಿರಾಯ್ ಎಂಬ ತಂತ್ರಾಂಶ ವಶಮಾಡಿಕೊಂಡಿದ್ದ ಡಿವಿಆರ್, ಐಪಿ ಕ್ಯಾಮೆರಾಗಳಂಥ ಉಪಕರಣಗಳ ಪಡೆ. ಅವುಗಳ ಮಾಲೀಕರು ಕಾರ್ಖಾನೆ ಕೊಟ್ಟ ಪಾಸ್‌ವರ್ಡನ್ನು ಬದಲಿಸಿರಲಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದವು. ಅಲ್ಲಿದ್ದ ಹೆಣ್ಣುಮಕ್ಕಳಿಗೆ ಆದ ಅನ್ಯಾಯವನ್ನು ಯಾವ ಪರಿಹಾರವೂ ತುಂಬಿಕೊಡದು. ಕ್ಯಾಮೆರಾ ಹಾಕಿದವರು ಹತ್ತು ಅಂಗಡಿಗೂ ಒಂದೇ ಪಾಸ್‌ವರ್ಡ್ ಇಟ್ಟು ಹೋಗುವುದುಂಟು. ಅಡ್ಮಿನ್ ಪಾಸ್‌ವರ್ಡ್ ಮಾಲೀಕರ ಕೈಯಲ್ಲಿರಬೇಕು, ಟೆಕ್ನಿಷಿಯನ್ ಹೊರಟ ಸಂಜೆಯೇ ಅದು ಬದಲಾಗಬೇಕು. ಕೇಂದ್ರ ಸರ್ಕಾರವೂ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿ ಆದೇಶ ಹೊರಡಿಸಿತು. ಅದು 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಬಿಐಎಸ್ ನೋಂದಣಿ ಸಂಖ್ಯೆ ಮತ್ತು ಈ ಪರೀಕ್ಷೆಯ ಪ್ರಮಾಣಪತ್ರ ಎರಡನ್ನೂ ಕೇಳಿ.

ದೃಶ್ಯ ನ್ಯಾಯಾಲಯಕ್ಕೆ ಹೋಗುವ ದಿನವೂ ಬರಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಪ್ರತಿ ಮಾಡಿ ಕೊಟ್ಟ ವಿಡಿಯೊ ಜೊತೆ ಪ್ರಮಾಣಪತ್ರ ಬೇಕು: ಒಂದು ಭಾಗಕ್ಕೆ ಉಪಕರಣ ಯಾರ ಸುಪರ್ದಿಯಲ್ಲಿದೆಯೋ ಅವರ ಸಹಿ, ಇನ್ನೊಂದಕ್ಕೆ ತಜ್ಞರದು. ಕಡತದ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ವಿಡಿಯೊದ ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುವುದರಿಂದ ತಿದ್ದುಪಡಿ ಅಡಗಿಸುವಂತಿಲ್ಲ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಊರಿಗೆ ಸುದ್ದಿಯಾದೀತು, ಸಾಕ್ಷ್ಯದ ಬಲ ಅದಕ್ಕಿಲ್ಲ. ಡಿವಿಆರ್‌ನಿಂದ ನೇರ ಪೆನ್‌ಡ್ರೈವಿಗೆ ಇಳಿಸಿ, ಆ ಕ್ಷಣ ಡಿವಿಆರ್ ತೋರಿಸುತ್ತಿದ್ದ ಸಮಯವನ್ನೂ ಮೊಬೈಲಿನ ಸಮಯವನ್ನೂ ಒಂದೇ ಹಾಳೆಯಲ್ಲಿ ಬರೆದಿಡಬೇಕು. ಡಿವಿಆರ್‌ನೊಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದ್ದರೆ ಕರೆಂಟು ಹೋಗಿ ಬಂದಾಗ ಅದು ಯಾವುದೋ ಹಳೆಯ ವರ್ಷಕ್ಕೆ ಹೊರಳಿರುತ್ತದೆ. ಚಿಕ್ಕ ಖರ್ಚಿನ ಆ ಬ್ಯಾಟರಿಯಿಂದ ಮೊಕದ್ದಮೆ ಬೀಳಬಾರದು.

ಕ್ಯಾಮೆರಾ ಎತ್ತ ನೋಡಬಾರದು ಎಂಬುದನ್ನೂ ಕೊಳ್ಳುವ ದಿನವೇ ತೀರ್ಮಾನಿಸಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಾಂಡವಪುರದ ಕೈಗಾರಿಕಾ ಪ್ರದೇಶಕ್ಕೆ ಸುತ್ತಲ ಹಳ್ಳಿಗಳಿಂದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಬಟ್ಟೆ ಬದಲಿಸುವ, ವಿಶ್ರಾಂತಿ ತೆಗೆದುಕೊಳ್ಳುವ ಕೋಣೆಗೆ ಕ್ಯಾಮೆರಾ ಹಾಕುವಂತಿಲ್ಲ. ಹೆಣ್ಣಿನ ಖಾಸಗಿ ಕ್ಷಣವನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಕ್ಯಾಮೆರಾ ಇದೆ ಎಂಬ ಫಲಕ ಬಾಗಿಲಲ್ಲೇ ಕನ್ನಡದಲ್ಲಿ ಕಾಣಲಿ. ಕ್ಯಾಮೆರಾದಲ್ಲಿ ಮೈಕ್ ಇದ್ದರೆ, ಕೆಲಸದವರ ಮಾತು ಕೇಳಿಸಿಕೊಳ್ಳುವ ಅಗತ್ಯ ಅಂಗಡಿಗೆ ಇಲ್ಲದಿರುವುದರಿಂದ, ಅದನ್ನು ಆರಿಸಿಡಬೇಕು. ಇಕ್ಕಟ್ಟಿನ ಬೀದಿಗಳಲ್ಲಿ ಎದುರುಮನೆಯ ಕಿಟಕಿ ಚೌಕಟ್ಟಿನೊಳಗೆ ಬರುವುದು ತಪ್ಪದಿದ್ದರೆ ಡಿವಿಆರ್ ಅಥವಾ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಪ್ರೈವಸಿ ಮಾಸ್ಕ್ ಎಂಬುದಿರುತ್ತದೆ. ಆ ಕಿಟಕಿಯ ಮೇಲೆ ಒಂದು ಚೌಕ ಎಳೆದರೆ ಅಷ್ಟು ಭಾಗ ಡಿಸ್ಕಿಗೆ ಬರೆಯುವಾಗಲೇ ಕಪ್ಪಾಗಿರುತ್ತದೆ, ಮುಂದೆ ಯಾರು ತೆರೆದು ನೋಡಿದರೂ ಅಲ್ಲಿ ಏನೂ ಸಿಗುವುದಿಲ್ಲ.